ಬಿಗ್ ಬೆನ್ನಿಗೆ ಹುಂಜದ ಕಣ್ಣು

ಮಧ್ಯಪ್ರದೇಶದ ಪಾಟನ್‌ಗಢದ ಗೋಂಡ್ ಕಲಾವಿದ ಭಜ್ಜು ಶ್ಯಾಮ್ 2002ರಲ್ಲಿ ಲಂಡನ್ನಿಗೆ ಹೋದದ್ದು ಭಾರತೀಯ ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲು. ಅಲ್ಲಿ ಎರಡು ತಿಂಗಳು ಕಂಡದ್ದೇ ಅವರ ಮೊದಲ ಚಿತ್ರಪುಸ್ತಕವಾಯಿತು. ಆದರೆ ವಿಮಾನಕ್ಕೆ, ಗಡಿಯಾರದ ಗೋಪುರಕ್ಕೆ ಗೋಂಡ್ ಚಿತ್ರಕಲೆಯಲ್ಲಿ ರೂಪವೆಲ್ಲಿದೆ? ಇದ್ದಂತೆಯೇ ಬರೆದರೆ ಕೈಗುಣ ಹೋಯಿತು. ಬಿಟ್ಟರೆ ಲಂಡನ್ನೇ ಹೋಯಿತು.

ಅವರು ತಮ್ಮೂರಿನ ಪ್ರಾಣಿಗಳನ್ನೇ ಕರೆತಂದರು. ಹೊತ್ತು ತಿಳಿಸುವ ಹುಂಜದ ಕಣ್ಣು ಬಿಗ್ ಬೆನ್ನಿನ ಗಡಿಯಾರವಾಯಿತು. ಭಾರದ ವಿಮಾನ, ರೆಕ್ಕೆ ಬಂದ ಆನೆ. ದಿನವೂ ಕರೆದೊಯ್ಯುವ 30ನೇ ನಂಬರಿನ ಬಸ್ಸು, ನಂಬಿಕಸ್ಥ ನಾಯಿ. ಸಂಜೆಯಾದೊಡನೆ ಪಬ್ಬಿನತ್ತ ಹೊರಡುವ ಇಂಗ್ಲಿಷರು ಬಾವಲಿಗಳು! (ಕುಚೋದ್ಯವಿದೆ, ಕುಹಕವಿಲ್ಲ.) ಮಕ್ಕಳಿಗೆ ಇದಕ್ಕೆ ವಿವರಣೆ ಬೇಕಿಲ್ಲ, ತಡವರಿಸುವವರು ದೊಡ್ಡವರೇ.

ಕಿಪ್ಲಿಂಗನ ಹೆಸರನ್ನು ತಿರುಗಿಸಿ ಹಿಡಿದ 'ದಿ ಲಂಡನ್ ಜಂಗಲ್ ಬುಕ್' ಅನ್ನು ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ಪ್ರಕಟಿಸಿತು. ಭಜ್ಜು ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.