ಲಾವಂಚದ ಹುಲ್ಲು ಮತ್ತು ಹೊಲದ ಬದು

ಬೆಂಗಳೂರಿನ ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಗಳಲ್ಲಿ ಮಾರಾಟವಾಗುವ ಲಾವಂಚದ ಬೇರನ್ನು ಅರಿಯದವರು ವಿರಳ. ಕುಡಿಯುವ ನೀರಿನ ಪರಿಮಳಕ್ಕೂ, ಬೇಸಗೆಯ ತಟ್ಟಿಗಳಿಗೂ, ಔಷಧಕ್ಕೂ ಜನರು ಇದನ್ನು ಕೊಳ್ಳುವರು. ಆದರೆ ಈ ಬೇರನ್ನು ಕೊಡುವ ಹುಲ್ಲು ಹೊಲದ ಮಣ್ಣನ್ನು ಕಾಯುವುದರಲ್ಲಿ ಎಷ್ಟು ಸಮರ್ಥವಾದುದೆಂಬುದು ಅನೇಕ ಭೂಮಾಲೀಕರ ಗಮನಕ್ಕೆ ಬಂದಿರುವುದಿಲ್ಲ.

ಲಾವಂಚವು ಜೋಳ, ಕಬ್ಬುಗಳ ಕುಟುಂಬಕ್ಕೆ ಸೇರಿದ, ನಮ್ಮ ದೇಶದ್ದೇ ಆದ ಬಹುವಾರ್ಷಿಕ ಹುಲ್ಲು. ಇದಕ್ಕೆ ಸಂಸ್ಕೃತದಲ್ಲಿ ಉಶೀರವೆಂದೂ ಕನ್ನಡದಲ್ಲಿ ಮುಡಿವಾಳವೆಂದೂ ಹೆಸರುಂಟು. 1771ರಲ್ಲಿ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ವರ್ಣಿಸಿದನು. ಈಗಿನ ಶಾಸ್ತ್ರೀಯ ನಾಮವು ಕ್ರೈಸೊಪೋಗಾನ್ ಜಿಜಾನಿಯಾಯ್ಡಿಸ್. ಹಿಂದಿನ ಗ್ರಂಥಗಳಲ್ಲಿ ವೆಟಿವೇರಿಯಾ ಎಂದು ಹೇಳಿರುವುದೂ ಇದನ್ನೇ.

ಇದರ ಬೇರುಗಳು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲವಾದ ನೆಲದಲ್ಲಿ 10 ಅಡಿಗಳವರೆಗೂ ಇಳಿಯುವುದುಂಟು. ಆದುದರಿಂದ ಪಕ್ಕದ ಬೆಳೆಯ ಸಾರವನ್ನು ಇದು ಹೆಚ್ಚಾಗಿ ಹೀರುವುದಿಲ್ಲ. ಗರಿಕೆಯಂತೆ ಹಬ್ಬುವ ಕಾಂಡಗಳೂ ಇದಕ್ಕಿಲ್ಲ. ದಕ್ಷಿಣ ದೇಶದಲ್ಲಿ ಬೆಳೆಸುವ ಜಾತಿಯು ಹೂವಾದರೂ ಮೊಳೆಯುವ ಬೀಜವನ್ನು ಕಟ್ಟುವುದು ಅಪರೂಪ; ಉತ್ತರ ಭಾರತದ ಕಾಡುಜಾತಿಯಾದರೋ ಬೀಜದಿಂದ ಹರಡುತ್ತದೆ. ಆದಕಾರಣ ನೆಡುವವರು ದಕ್ಷಿಣದ ಜಾತಿಯನ್ನೇ ಆರಿಸಿಕೊಳ್ಳತಕ್ಕದ್ದು. ಮೊಳೆಯುವ ಭಾಗವು ಮಣ್ಣಿನ ಮಟ್ಟಕ್ಕೆ ಕೆಳಗಿರುವುದರಿಂದ ದನಗಳು ಮೇದರೂ, ಬೆಂಕಿ ತಗುಲಿದರೂ ಬುಡವು ಸಾಯದೆ ಮತ್ತೆ ಚಿಗುರುತ್ತದೆ.

ಒತ್ತಾಗಿ ನೆಟ್ಟ ಸಾಲು ಹರಿಯುವ ಮಳೆನೀರಿನ ವೇಗವನ್ನು ತಗ್ಗಿಸುತ್ತದೆ. ನೀರು ಸಾಲಿನ ನಡುವೆ ಸೋರಿ ಮುಂದೆ ಹೋಗುವುದು. ಮಣ್ಣು ಹಿಂದೆಯೇ ನಿಲ್ಲುವುದು. ಹೀಗೆ ನಿಂತ ಮಣ್ಣಿನಲ್ಲಿ ಹೂತುಹೋದ ಗಿಣ್ಣುಗಳಿಂದ ಹೊಸ ಬೇರು ಹೊರಟು, ಬದುವು ಏರಿದಂತೆಲ್ಲ ಹುಲ್ಲೂ ಏರುತ್ತದೆ. ಗುಂಡ್ಲುಪೇಟೆಯ ಸೀಮೆಯ ರೈತರು ಹೊಲದ ಎಲ್ಲೆಗಳಲ್ಲಿ ಬಹುಕಾಲದಿಂದ ಇದನ್ನು ನೆಟ್ಟುಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರಾದ ಗ್ರೀನ್‌ಫೀಲ್ಡ್ ಮತ್ತು ಗ್ರಿಮ್‌ಶಾ ಎಂಬುವರು ಈ ಉಪಾಯವನ್ನು ಇತರ ದೇಶಗಳಿಗೂ ಪ್ರಚಾರಪಡಿಸಿದರು.

ನೆಡುವ ಕ್ರಮವು ಸುಲಭ. ಮುಂಗಾರು ಹಿಡಿದ ಮೇಲೆ ಹಳೆಯ ಬುಡವನ್ನು ಅಗೆದು, ಎರಡು ಮೂರು ತೆಂಡೆಗಳಿರುವಂತೆ ಸೀಳಿ, ಎಲೆಯನ್ನು 8 ಅಂಗುಲಕ್ಕೆ ಕತ್ತರಿಸಿ, ಸಮಮಟ್ಟದ ರೇಖೆಯಲ್ಲಿ 4ರಿಂದ 6 ಅಂಗುಲಗಳ ಅಂತರದಲ್ಲಿ ನೆಡತಕ್ಕದ್ದು. ಸಾಯುವ ತೆಂಡೆಗಳ ಜಾಗವನ್ನು ಒಡನೆಯೇ ತುಂಬಬೇಕು. ಒಂದು ಸಂದು ಉಳಿದರೂ ನೀರು ಅಲ್ಲಿಯೇ ನುಗ್ಗಿ ಕೊರಕಲು ಮಾಡುವುದು. ಎಳೆಯ ಸಸಿಗಳಿಗೆ ನೆರಳು ಆಗದು. ಎರಡು ಮೂರು ವರ್ಷಗಳಲ್ಲಿ ಸಾಲು ಕೂಡಿಕೊಳ್ಳುವುದು. ಕತ್ತರಿಸಿದ ಎಳೆಯ ಎಲೆ ದನಗಳಿಗೂ, ಬಲಿತದ್ದು ಹೊದಿಕೆಗೂ ಆಗುತ್ತದೆ.

ಇಲ್ಲಿ ಮುಖ್ಯವಾಗಿ ಎಚ್ಚರವಹಿಸಬೇಕಾದ ವಿಷಯವೊಂದುಂಟು. ಬೇರಿಗೆ ಬೆಲೆಯಿರುವುದರಿಂದ ಬದುವಿನ ಸಾಲನ್ನೇ ಅಗೆದು ಮಾರುವ ಆಶೆ ಹುಟ್ಟುವುದು ಸಹಜ. ಆದರೆ ಬೇರನ್ನು ಅಗೆಯುವಾಗ ಬುಡದ ಮಣ್ಣೆಲ್ಲ ಸಡಿಲವಾಗುತ್ತದೆ. ಮುಂದಿನ ಮಳೆಗೆ ಹಲವು ವರ್ಷಗಳಿಂದ ಕೂಡಿದ ಮಣ್ಣು ಹೊರಟುಹೋಗುವುದು. ಲಾವಂಚದ ತೈಲಕ್ಕೆ ಹೆಸರಾದ ಹೈಟಿ ದೇಶದ ಗುಡ್ಡಗಳಲ್ಲಿ ಬೇರು ಅಗೆದುದರಿಂದಲೇ ಮಣ್ಣು ಕೊಚ್ಚಿಹೋದ ನಿದರ್ಶನವಿದೆ. ಬೇರಿನ ವ್ಯಾಪಾರವನ್ನು ಬಯಸುವವರು ಮಟ್ಟವಾದ ಮರಳುಮಿಶ್ರಿತ ನೆಲದಲ್ಲಿ ಪ್ರತ್ಯೇಕ ಪಾತಿ ಮಾಡಿ, ಸುಮಾರು ಒಂದೂವರೆ ವರ್ಷದ ಮೇಲೆ ಅಗೆಯುವುದು ಯುಕ್ತ. ಬದುವಿನ ಲಾವಂಚವನ್ನು ಬದುವಿಗೇ ಬಿಡತಕ್ಕದ್ದು. ಗ್ರಾಮದ ಹಿರಿಯರು ತಮ್ಮ ಹೊಲದ ಒಂದು ಸಾಲಿನಲ್ಲಿ ಇದನ್ನು ನೆಟ್ಟು ತೋರಿಸಿದರೆ, ನೆರೆಯವರಿಗೆ ಬೇಕಾದ ತೆಂಡೆಗಳೂ ಅಲ್ಲಿಂದಲೇ ದೊರೆಯುವುವು.