ಯೆಶಾಯನ ಸೇವಕನಿಗೆ ಕಿಲ್ಪಾಕ್ ವಿಳಾಸ

ಚೆನ್ನೈನ ಕಿಲ್ಪಾಕ್‌ನಲ್ಲಿ ಗುರುಕುಲ ಲುಥೆರನ್ ಥಿಯಲಾಜಿಕಲ್ ಕಾಲೇಜು ಇದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ದಲಿತ ದೈವಶಾಸ್ತ್ರಕ್ಕೆಂದೇ ಒಂದು ವಿಭಾಗ ಶುರುವಾಯಿತು. ಅದರ ಹೊಣೆ ಹೊತ್ತವರು ಅರವಿಂದ ಪಿ. ನಿರ್ಮಲ್. 1981ರಲ್ಲಿ ಬೆಂಗಳೂರು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಭಾಷಣ ಮಾಡುತ್ತಾ ‘ಶೂದ್ರ ದೈವಶಾಸ್ತ್ರ’ದ ಮಾತೆತ್ತಿದವರೂ ಇವರೇ. ದಲಿತ ದೈವಶಾಸ್ತ್ರದ ಕಥೆ ಹೇಳುವವರು ಸಾಮಾನ್ಯವಾಗಿ ಆ ಭಾಷಣದಿಂದಲೇ ತೊಡಗುತ್ತಾರೆ.

ನಿರ್ಮಲ್ ಕೈಗೆತ್ತಿಕೊಂಡ ಬೈಬಲ್ ಭಾಗಗಳಲ್ಲಿ ಒಂದು ಯೆಶಾಯನ ಗ್ರಂಥದ 53ನೇ ಅಧ್ಯಾಯ. ಅಲ್ಲೊಬ್ಬ ಸೇವಕನ ಚಿತ್ರವಿದೆ. ಚೆಲುವಿಲ್ಲದವನು, ಕಂಡವರು ಮುಖ ತಿರುಗಿಸುವಂಥವನು, ಇತರರ ಪಾಪಕ್ಕೆ ತಾನು ಪೆಟ್ಟು ತಿನ್ನುವವನು. ಹೆಸರು ಮಾತ್ರ ಇಲ್ಲ. 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿಯ ಪ್ರಕಾರ ಅವನು ಇಸ್ರಾಯೇಲ್ ಜನಾಂಗವೇ. ಕ್ರೈಸ್ತ ಸಭೆಗಳಿಗೆ ಅವನು ಯೇಸು. ಶುಭ ಶುಕ್ರವಾರದ ಆರಾಧನೆಯಲ್ಲಿ ಓದುವುದು ಇದನ್ನೇ. ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಕಂಚುಕಿಯೊಬ್ಬ ರಥದಲ್ಲಿ ಕೂತು ಈ ಭಾಗ ಓದುತ್ತಾ, ಪ್ರವಾದಿ ಹೇಳುತ್ತಿರುವುದು ಯಾರ ಬಗ್ಗೆ ಎಂದು ಸುವಾರ್ತಿಕ ಫಿಲಿಪ್ಪನನ್ನು ಕೇಳುತ್ತಾನೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅಂಥ ನಪುಂಸಕನಿಗೆ ದೇವರ ಸಭೆಯೊಳಗೆ ಜಾಗವಿರಲಿಲ್ಲ. ಪ್ರಸಂಗಗಳಲ್ಲಿ ಈ ಸಂಗತಿ ಯಾಕೋ ಅಷ್ಟಾಗಿ ಬರುವುದಿಲ್ಲ.

ನಿರ್ಮಲ್ ಯೇಸುವನ್ನು ಕೈಬಿಡಲಿಲ್ಲ; ಯೇಸುವೇ ದಲಿತ ಎಂದರು. ಅಲ್ಲಿಗೂ ನಿಲ್ಲದೆ, ದೇವರೂ ಸೇವಕನೇ, ಬಟ್ಟೆ ಒಗೆಯುವವನ, ಮಲ ಬಾಚುವವನ ಕೆಲಸ ಅವನದು ಎಂದು ವಾದಿಸಿದರು. ಈ ಮಾತಿಗೊಂದು ಹಿನ್ನೆಲೆಯಿದೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಆ ಪಟ್ಟಿಗೆ ಸೇರಿಸಲಾಯಿತು; ಕ್ರೈಸ್ತರನ್ನು ಸೇರಿಸಲಿಲ್ಲ. ಇತ್ತ ಸಭೆಯೊಳಗೂ ಜಾತಿ ಬಿಡಲಿಲ್ಲ. ತಿರುಚ್ಚಿಯಲ್ಲಿ ಒಂದು ಕ್ಯಾಥೊಲಿಕ್ ಸ್ಮಶಾನವನ್ನೇ ಜಾತಿಯ ಗೋಡೆ ಎರಡು ಮಾಡಿದೆ. ಹೀಗಿರುವಾಗ ಜನ ಮುಖ ಮರೆಸಿಕೊಳ್ಳುವ ಆ ಸೇವಕ ಯಾರೆಂದು ದಲಿತ ವಿಶ್ವಾಸಿಗೆ ವ್ಯಾಖ್ಯಾನ ಬೇಕಾಗುತ್ತದೆಯೇ?

ಆದರೂ ನನಗೆ ಇದರಲ್ಲೊಂದು ಮುಳ್ಳು ಕಾಣುತ್ತದೆ. ತಲೆಮಾರುಗಳಿಂದ ಬಿಟ್ಟಿ ಚಾಕರಿ ಮಾಡಿದವರಿಗೆ ಚಾಕರಿಯಲ್ಲೇ ದೇವರಿದ್ದಾನೆ ಎಂದರೆ ಹೆಚ್ಚು ಖುಷಿಪಡುವವನು ಮಾಡಿಸಿಕೊಂಡವನು. ಆ ಸೇವಕನೋ ಬಾಯಿ ತೆರೆಯದವನು. ಸಂಘಟನೆ ಕಟ್ಟುವವರಿಗೆ ಇಂಥ ನಾಯಕ ಹೇಗೆ ಒದಗಿಯಾನು?

ಮುಂದಿನ ತಲೆಮಾರಿನ ದೈವಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಪುಸ್ತಕದಲ್ಲಿ ತಮಿಳುನಾಡಿನ ದಲಿತ ಸಮುದಾಯವಾದ ಪರೈಯರ ಪರೈ ವಾದ್ಯದಲ್ಲಿ ಕ್ರಿಸ್ತನನ್ನು ಕಂಡರು. ಪೆನಿಯೆಲ್ ರಾಜ್‌ಕುಮಾರ್ 2010ರಲ್ಲಿ, ನೋವಿನ ಚಿತ್ರವನ್ನೇ ನೆಚ್ಚಿದ ಈ ದೈವಶಾಸ್ತ್ರ ದಲಿತ ಕೇರಿಗಳಲ್ಲಿ ಯಾಕೆ ಕೆಲಸಕ್ಕೆ ಬರಲಿಲ್ಲವೆಂದು ಕೇಳಿದರು. ಯೆಶಾಯನ ಬದಲು ಅವರು ತೆರೆದದ್ದು ಸುವಾರ್ತೆಗಳನ್ನು, ಅದರಲ್ಲೂ ಯೇಸು ರೋಗಿಗಳನ್ನು ವಾಸಿಮಾಡಿದ ಕಥೆಗಳನ್ನು.