ಒಂದೇ ಕೃತಿ, 88 ಕಛೇರಿ

2023–24ರ ಋತುವಿಡೀ ಪಿಯಾನೊ ವಾದಕ ವೀಕಿಂಗುರ್ ಓಲಾಫ್ಸನ್ ಕೈಗೆತ್ತಿಕೊಂಡದ್ದು ಒಂದೇ ಕೃತಿ: 1741ರಲ್ಲಿ ಅಚ್ಚಾದ, ಬಾಖ್ ರಚಿಸಿದ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’. ಖಂಡದಿಂದ ಖಂಡಕ್ಕೆ, ಒಟ್ಟು 88 ಕಛೇರಿಗಳ ಪ್ರವಾಸ. ಪಿಯಾನೊದ ಕಪ್ಪು-ಬಿಳಿ ಕೀಗಳೂ ಅಷ್ಟೇ. ಈ ಮಟ್ಟದ ವಾದಕರು ಇವತ್ತು ಬೀಥೋವನ್, ಮುಂದಿನ ವಾರ ಬೇರೊಂದು ವಾದ್ಯವೃಂದದ ಜೊತೆ ಮೊಜಾರ್ಟ್ ಎಂದು ಓಡಾಡುವುದೇ ಹೆಚ್ಚು. ಹೀಗೆ ಒಂದಕ್ಕೇ ಕಟ್ಟುಬೀಳಲು ಧೈರ್ಯ ಬೇಕು.

ಮೊದಲಿಗೆ ಹಾಡಿನಂಥ ಒಂದು ‘ಆರಿಯಾ’, ಅದರ ತಳದ ಸ್ವರಗಳ ಮೇಲೆ ಕಟ್ಟಿದ ಮೂವತ್ತು ರೂಪಗಳು, ಕೊನೆಗೆ ಮತ್ತೆ ಅದೇ ಆರಿಯಾ. ಸುಮಾರು ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆಯ ಸಂಗೀತ. ಬಾಖ್ ಇದನ್ನು ಬರೆದದ್ದು ಮೇಲೊಂದು ಕೆಳಗೊಂದು ಕೀಲಿಮಣೆಯಿರುವ ಹಾರ್ಪ್ಸಿಕಾರ್ಡ್‌ಗೆ. ಪಿಯಾನೊದಲ್ಲಿರುವುದು ಒಂದೇ ಸಾಲು. ಹಾಗಾಗಿ ಕೆಲವು ರೂಪಗಳಲ್ಲಿ ಎಡಗೈ ಬಲಗೈಯನ್ನು ದಾಟುತ್ತದೆ, ಬಲಗೈ ಎಡಗೈಯ ಕೆಳಗೆ ನುಸುಳುತ್ತದೆ. ಒಂದು ಬೆರಳು ಒತ್ತಿದ ಕೀ ಮರುಕ್ಷಣವೇ ಇನ್ನೊಂದು ಕೈಗೆ ಬೇಕು. ತಡವಾಗಿ ಎದ್ದ ಬೆರಳು ಇನ್ನೊಂದರ ಸ್ವರವನ್ನು ನುಂಗಿಬಿಡುತ್ತದೆ. ಇಷ್ಟೆಲ್ಲ ಕಸರತ್ತಿನ ನಂತರ ಬರುವ ಇಪ್ಪತ್ತೈದನೆಯದು ನಿಧಾನ, ಮೈನರ್ ಶ್ರುತಿಯದು. ನನ್ನ ಮಟ್ಟಿಗೆ ಕೃತಿಯ ಜೀವ ಇರುವುದು ಅಲ್ಲಿಯೇ.

ಇಂಥ ಪ್ರವಾಸದಲ್ಲಿ ಪಿಟೀಲು ವಾದಕರು ತಮ್ಮ ವಾದ್ಯವನ್ನು ಹೆಗಲಿಗೇರಿಸಿಕೊಂಡು ಹೋಗುತ್ತಾರೆ. ಪಿಯಾನೊ ವಾದಕರಿಗೆ ಸಾಮಾನ್ಯವಾಗಿ ಸಭಾಂಗಣದಲ್ಲಿದ್ದ ಪಿಯಾನೊವೇ ಗತಿ. ಒಂದರ ಕೀ ಭಾರ, ಇನ್ನೊಂದರದು ಹಗುರ. ಸಂಜೆಯೊಳಗೆ ಅದರ ಗುಣ ಅರಿತು, ಶ್ರುತಿಗಾರರ ಜೊತೆ ಕೂತು ಸರಿಮಾಡಿಸಿಕೊಳ್ಳಬೇಕು. ಸ್ವರಗಳೆಲ್ಲ ಮೊದಲೇ ಬರೆದಿಟ್ಟವೇ ಆದರೂ ಯಾವ ಎರಡು ಸಂಜೆಯೂ ಒಂದೇ ಆಗದಿರುವುದಕ್ಕೆ ಇದೂ ಒಂದು ಕಾರಣ.

ಓಲಾಫ್ಸನ್ 1984ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಹುಟ್ಟಿದವರು. ತಾಯಿ ಪಿಯಾನೊ ಶಿಕ್ಷಕಿ. ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ಓದಿದರೂ ದೊಡ್ಡ ಕಂಪನಿಗಳು ಕರೆಯಲಿ ಎಂದು ಕಾಯಲಿಲ್ಲ; ‘ದಿರ್ರಿಂದೀ’ ಎಂಬ ಸ್ವಂತ ಲೇಬಲ್ ಕಟ್ಟಿ ಮೊದಲ ಆಲ್ಬಮ್‌ಗಳನ್ನು ಹೊರತಂದರು. 2012ರಲ್ಲಿ ತವರೂರಿನಲ್ಲೇ ಸಂಗೀತೋತ್ಸವ ಶುರುಮಾಡಿದರು. ಧ್ವನಿಮುದ್ರಣ ಕಂಪನಿ ಡಾಯ್ಚ ಗ್ರಾಮೊಫೋನ್ ಜೊತೆ ಒಪ್ಪಂದವಾದದ್ದು 2016ರಲ್ಲಿ, ಮೂವತ್ತು ದಾಟಿದ ಮೇಲೆ. ಬಾಲಪ್ರತಿಭೆಗಳ ಸುದ್ದಿಯೇ ತುಂಬಿರುವ ಈ ಲೋಕದಲ್ಲಿ ಇದು ತಡವೇ.

2022ರ ‘ಫ್ರಮ್ ಅಫಾರ್’ ಆಲ್ಬಮ್‌ನಲ್ಲಿ ಅವರು ಅವವೇ ರಚನೆಗಳನ್ನು ಎರಡು ಸಲ ನುಡಿಸಿದ್ದಾರೆ: ಒಮ್ಮೆ ದೊಡ್ಡ ಗ್ರ್ಯಾಂಡ್ ಪಿಯಾನೊದಲ್ಲಿ, ಇನ್ನೊಮ್ಮೆ ಮನೆಗಳಲ್ಲಿ ಗೋಡೆಗೊರಗಿಸಿಡುವ ಅಪ್‌ರೈಟ್‌ನಲ್ಲಿ. ಎರಡನೆಯದರಲ್ಲಿ ತಂತಿ-ಸುತ್ತಿಗೆಗಳ ನಡುವೆ ಉಣ್ಣೆಬಟ್ಟೆಯ ಪಟ್ಟಿಯಿದ್ದು, ನಾದ ಪಕ್ಕದ ಕೋಣೆಯಿಂದ ಬಂದಂತಿದೆ.

ಅವರ ಗೋಲ್ಡ್‌ಬರ್ಗ್ ಧ್ವನಿಮುದ್ರಿಕೆಗೆ 2025ರಲ್ಲಿ ಗ್ರ್ಯಾಮಿ ಬಂತು. ಅದೇ ವರ್ಷದ ಜನವರಿಯಲ್ಲಿ, ಸಂಯೋಜಕ ಜಾನ್ ಆ್ಯಡಮ್ಸ್ ಓಲಾಫ್ಸನ್‌ಗಾಗಿಯೇ ಬರೆದ ‘ಆಫ್ಟರ್ ದ ಫಾಲ್’ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಬಾರಿಗೆ ನುಡಿಯಿತು. ಆ ಹೊಸ ಕಾಂಚರ್ಟೊದೊಳಗೂ ಬಾಖ್‌ನ ಸಿ ಮೈನರ್ ಪ್ರೆಲ್ಯೂಡ್ ಸುಳಿಯುತ್ತದೆ. ಹೊಸದಾಗಿ ಕೇಳುವವರು ಓಲಾಫ್ಸನ್ ಅವರ 2018ರ ಬಾಖ್ ಆಲ್ಬಮ್‌ನಿಂದ ಶುರುಮಾಡಲಿ. ಅದರಲ್ಲಿರುವುದು ಹೆಚ್ಚಾಗಿ ಪುಟ್ಟ ಪುಟ್ಟ ರಚನೆಗಳು.